ಸವೆದ ಬ್ರೇಕ್ ರಬ್ಬರ್

ಜೂನ್ ೯, ಮಂಗಳವಾರ, ರಾತ್ರಿ

ನನಗೆ ಇಳಿಜಾರೆಂದರೆ ಭಯ. ಮೂರು ವರ್ಷ ಇದನ್ನು ಮುಚ್ಚಿಟ್ಟಿದ್ದೆ.

ಬೆಟ್ಟ ಹತ್ತುವಾಗ ತಂಡದಲ್ಲಿ ಯಾರೂ ನನ್ನ ಸರಿಸಮ ಬರಲಾರರು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನಿಗೆ ಸೈಕಲ್ ತುಳಿಯುವ ಕೆಲಸ ಸಿಕ್ಕಿದ್ದೇ ಅದರಿಂದ. ಆದರೆ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಹಿಡಿಯುತ್ತೇನೆ. ಯಾಕೆ ಹಿಂದೆ ಬಿದ್ದೆ ಎಂದು ಕೇಳಿದರೆ, ತುದಿಯಲ್ಲಿ ಜಾಕೆಟ್ ಹಾಕಿಕೊಳ್ಳುತ್ತಾ ತಡವಾಯಿತು ಎನ್ನುತ್ತಿದ್ದೆ.

ಇವತ್ತು ಮೆಕ್ಯಾನಿಕ್ ನನ್ನ ಬ್ರೇಕ್ ರಬ್ಬರನ್ನೂ ನನ್ನ ರೂಮಿನಲ್ಲೇ ಇರುವ ಸವಾರ ಒಂಟೆಯದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ತಂಡದಲ್ಲಿ ಎಲ್ಲರಿಗೂ ಅಡ್ಡಹೆಸರು; ಅವನು ಒಂಟೆ, ನಾನು ಗುಬ್ಬಿ.

"ಅವನು ನಿನಗಿಂತ ಹತ್ತು ಕೇಜಿ ಜಾಸ್ತಿ ಇದಾನೆ. ಅವನದು ಹೊಸದರ ಥರ ಇದೆ, ನಿಂದು ಸವೆದೇ ಹೋಗಿದೆ. ನಿನ್ನ ಜಾಕೆಟ್ಟು ರಬ್ಬರ್ ತಿನ್ನುತ್ತಾ, ಗುಬ್ಬಿ?"

ಸವೆದ ರಬ್ಬರನ್ನು ಅವರು ನನ್ನ ಕೈಗಿಟ್ಟರು.

"ಪ್ರತಿ ರೇಸ್ ಆದ್ಮೇಲೂ ಬದಲಾಯಿಸಿ ಸುಮ್ನಿದ್ದೆ. ಈ ಸಲ ನೀನೇ ತಂಡದ ನಾಯಕ. ಕೋಚ್‌ಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

ನಾನೇ ಹೋಗಿ ಹೇಳಿದೆ. ನಾಳೆಯ ರೇಸ್ ಮುಗಿಯುವುದು ಬೆಟ್ಟದ ಆಚೆ ಬುಡದಲ್ಲಿ; ನಾಯಕನನ್ನು ಗೆಲ್ಲಿಸಲೆಂದೇ ಉಳಿದವರು ತುಳಿಯುತ್ತಾರೆ. ಹೇಳದಿದ್ದರೆ ಇಡೀ ತಂಡ ನನಗಾಗಿ ದುಡಿದಿದ್ದನ್ನು ನಾನು ಇಳಿಜಾರಿನಲ್ಲಿ ಕಳೆದುಬಿಡುತ್ತಿದ್ದೆ.

ಕೋಚ್ ಬೈಯಲಿಲ್ಲ. ನಾಯಕನ ಜಾಗದಲ್ಲಿ ನನ್ನ ಹೆಸರು ಹೊಡೆದುಹಾಕಿ ಒಂಟೆಯ ಹೆಸರು ಬರೆದರು.

"ತುದಿವರೆಗೂ ಮುಂದೆ ಗಾಳಿ ತಡೀತಾ ಅವನನ್ನ ಎಳ್ಕೊಂಡು ಹೋಗು. ಆಮೇಲೆ ನೀನು ನಿಧಾನಕ್ಕೆ ಇಳಿದು ಬಾ."

ಹೊಟ್ಟೆ ಉರಿಯುತ್ತಿಲ್ಲ ಎಂದರೆ ಸುಳ್ಳು. ಆದರೆ ಇನ್ನು ಮೇಲೆ ತುದಿ ಬರುವ ಮೊದಲೇ ನೆಪ ಹುಡುಕಬೇಕಾಗಿಲ್ಲ. ಬರೀ ಹತ್ತಿದರಾಯಿತು. ಹಾಗೆ ನಿಶ್ಚಿಂತೆಯಿಂದ ಕೊನೆಯ ಸಲ ಹತ್ತಿದ್ದು ಯಾವಾಗಲೋ, ನೆನಪಾಗುತ್ತಿಲ್ಲ.

ಬೆಳಿಗ್ಗೆ ಐದೂವರೆಗೆ ವ್ಯಾನ್ ಹೊರಡುತ್ತದೆ.