ಹೊಲಿಗೆಯೊಳಗಿನ ಪದ

4 ಆಗಸ್ಟ್ 2003

‘ನಿನ್ನ ಹೆಜ್ಜೆಯ ಸದ್ದು ಕೇಳಿ ಬಾಗಿಲು ತಾನೆ…’ ಮುಂದೇನು? ತೆರೆಯಿತೋ, ಮುಚ್ಚಿತೋ? ಮಾಸ್ತರರು ಒಮ್ಮೆ ನನ್ನೆದುರೇ ಓದಿದ್ದರು. ಕಿವಿಗೊಡಲಿಲ್ಲ. ಎರಡಕ್ಕೂ ನಾಲ್ಕೇ ಮಾತ್ರೆ — ಛಂದಸ್ಸು ಸಹಾಯಕ್ಕೆ ಬರುವುದಿಲ್ಲ.

ಪಕ್ಕದ ಮನೆಯ ಇಕ್ಬಾಲ್ ಬೇಗಂ ಬಂದಿದ್ದರು. ಗಂಡ ಮಹಮ್ಮದ ಮಾಸ್ತರರು ತೀರಿಕೊಂಡು ವರ್ಷವಾಗುತ್ತ ಬಂತು. ಗೋರಿಯ ಕಲ್ಲಿನ ಮೇಲೆ ಅವರದೇ ಈ ಸಾಲು ಕೆತ್ತಿಸಬೇಕಂತೆ. ಮನೆಯಲ್ಲಿದ್ದ ಅವರ ಕವನ ಪುಸ್ತಕದ ಪ್ರತಿಗಳು ಗೆದ್ದಲಿನ ಪಾಲು.

“ನನಗ ಕನ್ನಡ ಓದಾಕ ಬರಂಗಿಲ್ಲ ಬಾಯಿ. ಕೊನೀ ಶಬ್ದ ಮರತೀನಿ. ನೀವು ಎಂ.ಎ. ಓದೀರಿ, ಹುಡುಕಿ ಕೊಡ್ರಿ.”

“ಎಂ.ಎ.ದಾಗ ಮಾಸ್ತರರ ಪದ್ಯ ಇರಲಿಲ್ಲ, ಆಪಾ.”

“ಅದಕ್ಕೇ ಅವ್ರು ನಿಮ್ಮ ಎಂ.ಎ.ಕ್ಕ ಬೈತಿದ್ರು.” ನಕ್ಕರು.

9 ಆಗಸ್ಟ್

ಕಮಲಾಪುರಕ್ಕೆ ಹೋಗಿದ್ದೆ. ಮಾಸ್ತರರ ಶಿಷ್ಯ ದತ್ತಪ್ಪನ ಬಳಿ ಪುಸ್ತಕ ಇದೆ. 1969ರ ಮುದ್ರಣ, ಅಗ್ಗದ ಕಾಗದ. ಪ್ರೀತಿಯಿಂದ ಹೊಸ ಬೈಂಡ್ ಹಾಕಿಸಿದ್ದಾನೆ. ಹೊಲಿದವನು ಒಳಗೊತ್ತಿ ಹೊಲಿದಿದ್ದಾನೆ. ಎಡಪುಟದ ಉದ್ದ ಸಾಲುಗಳ ಕೊನೆಯ ಪದವೆಲ್ಲ ಹೊಲಿಗೆಯೊಳಗೆ. ನಮ್ಮ ಸಾಲೂ ಎಡಪುಟದಲ್ಲೇ. ‘ತಾನೆ’ ಕಾಣುತ್ತದೆ. ಮುಂದಿನದಿಲ್ಲ.

“ಇದೊಂದೇ ಉಳದದ್ರಿ. ಕಂಪ್ಯೂಟರ್‌ದಾಗ ಪೂರಾ ಹಾಕಿ ಇಡ್ರಿ. ಆದ್ರ ಜ್ವಾಕಿ” ಎಂದ.

ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ.

12 ಆಗಸ್ಟ್, ಸಂಜೆ 5

ಶಬ್ಬೀರನ ಕಂಪ್ಯೂಟರ್ ಅಂಗಡಿ. ಮೂರು ಸ್ಕ್ಯಾನರ್. ಬಿಡಿ ಹಾಳೆ ನುಂಗುವಂಥದು ಬೇಡ — ಅದಕ್ಕೆ ಪುಸ್ತಕ ಬಿಡಿಸಿ ಕೊಡಬೇಕು. ಉಳಿದದ್ದು ತೆಳ್ಳನೆಯದು, ದಪ್ಪನೆಯದು. ತೆಳ್ಳನೆಯದು ಚೆಂದ, ಬೇರೆ ಪ್ಲಗ್ಗೂ ಬೇಡ.

“ಪುಸ್ತಕಕ್ಕಾದ್ರ ದಪ್ಪಂದೇ ಒಯ್ರಿ ಮೇಡಂ. ತೆಳ್ಳಂದು ಗಾಜಿಗಿ ಹತ್ತಿದ್ದಷ್ಟೇ ನೋಡ್ತದ. ಇದು ಸ್ವಲ್ಪ ಆಳಾನೂ ನೋಡ್ತದ. ಮನುಷ್ಯಾರಾಗೂ ಹಿಂಗೇ ಎರಡು ಥರ ಇರ್ತಾರಲ್ರಿ.”

ದಪ್ಪನೆಯದನ್ನೇ ತಂದೆ.

13 ಆಗಸ್ಟ್

ಆ ಆಳವೂ ಸಾಲಲಿಲ್ಲ. ಹೊಲಿಗೆಯ ಬಳಿ ಬರೀ ಕಪ್ಪು ಪಟ್ಟಿ. ಒತ್ತಿದರೆ ಕಾಗದ ಚಟ್ಟೆನ್ನುತ್ತದೆ. ಕೈ ತೆಗೆದೆ.

17 ಆಗಸ್ಟ್, ರವಿವಾರ

ಮೂರು ದಿನ ಮುಟ್ಟಿರಲಿಲ್ಲ. ಕಲ್ಲು ಕೆತ್ತುವವನು ಎರಡು ಸಲ ಹೇಳಿ ಕಳಿಸಿದನಂತೆ — ಶುಕ್ರವಾರ ಕಲ್ಲು ನಿಲ್ಲಿಸಬೇಕು. ಇಂದು ಬ್ಲೇಡಿನಿಂದ ದಾರ ಕೊಯ್ದೆ.

ಹಾಳೆಗಳು ಬಿಚ್ಚಿಕೊಳ್ಳಲಿಲ್ಲ. ಸುಟ್ಟ ಹಪ್ಪಳದ ಹಾಗೆ ಮುರಿದವು. ಅರವತ್ತು ಪುಟಗಳಲ್ಲಿ ಇಪ್ಪತ್ತೆರಡು ಗಾಜಿನ ಮೇಲೆ ಬಂದವು. ಉಳಿದವು ತಟ್ಟೆಯಲ್ಲಿ ಚೂರು. ದತ್ತಪ್ಪನಿಗೆ ಏನು ಹೇಳಲಿ…

ಆ ಪುಟದ ಅಂಚು ಉಗುರಿನಷ್ಟು ತುಂಡಾಗಿ ಬಂತು. ಅದನ್ನೇ ಗಾಜಿನ ಮೇಲಿಟ್ಟೆ. ಪರದೆಯ ತುಂಬ, ಸ್ಪಷ್ಟ — ‘ಮುಚ್ಚಿತು’.

1969. ಬೇಗಂ ಮುನಿಸಿಕೊಂಡು ಕೋಟನೂರಿನ ತವರಿಗೆ ಹೋಗಿ ಕೂತ ವರ್ಷ. ತಿರುಗಿ ಬಂದಾಗ ಮಾಸ್ತರರು ಬಾಗಿಲು ತೆರೆದುಕೊಂಡೇ ಕಾಯುತ್ತಿದ್ದರು ಎಂದು ಎಷ್ಟು ಸಲ ಹೇಳಿಲ್ಲ ನನ್ನೆದುರು.

18 ಆಗಸ್ಟ್, ಬೆಳಿಗ್ಗೆ

ಬಂದರು. ಒಳಗೆ ಕರೆದೆ, ಬರಲಿಲ್ಲ. ಬಾಗಿಲಲ್ಲೇ ನಿಂತು, “ಸಿಕ್ತೇನ್ ಬಾಯಿ?”

“ಸಿಕ್ತು ಆಪಾ. ‘ತೆರೆಯಿತು’ ಅಂತ ಅದ.”

ತಿರುಗಿ ಒಂದು ಮೆಟ್ಟಿಲು ಇಳಿದರು. ಆಮೇಲೆ ಅಂದರು —

“ಅವ್ರೂ ನನಗ ಹಂಗೇ ಓದಿ ಹೇಳ್ತಿದ್ರು ಬಾಯಿ. ಹಿಂಗೇ, ನೆಲ ನೋಡ್ಕೋತ.”