ಒರಗಿ ಕೂತವಳು

ಜೂನ್ 7, ಶುಕ್ರವಾರ. ಮಧ್ಯಾಹ್ನ

ಸ್ಕೂಲಲ್ಲಿ ಇವತ್ತು ನಾನು ಮಾಡಿದ ಸಾರು ತಳ ಹಿಡಿಯಿತು. ಬಿಸಿಯೂಟ ತಿಂದ ಮಕ್ಕಳು ಏನೂ ಅನ್ನಲಿಲ್ಲ. ನನಗೇ ಸಮಾಧಾನವಿಲ್ಲ. ಮನೆಗೆ ಬಂದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಮತ್ತೆ ಸ್ಕೂಲಿಗೆ ಹೋಗಿ ನೋಡಿ ಬಂದೆ. ಆರಿಸಿತ್ತು. ಯಾವತ್ತೂ ಆರಿಸಿಯೇ ಇರುತ್ತೆ. ಆದರೂ...

ಭಾನುವಾರ ಚಾಮರಾಜನಗರದಲ್ಲಿ ನಮ್ಮ ಮಹಿಳಾ ಸಂಘದವರಿಗೆ ಟ್ರೈನಿಂಗ್ ಅಂತೆ. ವ್ಯಕ್ತಿತ್ವ ವಿಕಸನ. ಎಂಟನೇ ಕ್ಲಾಸ್ ಅರ್ಧಕ್ಕೆ ಬಿಟ್ಟವಳು ನಾನು. ಅಲ್ಲಿ ಎಲ್ಲರೆದುರು ಏನಾದರೂ ಓದಿಸಿದರೆ? ಇವರಿಗೆ ಹೇಳಿದೆ.

'ಊಟ ಹಾಕ್ತರ? ಹಂಗಾರ ಓಗಿದ್ದು ಬಾ' ಅಂದರು.

ಗಂಡನಿಗೆ ಎಲ್ಲವೂ ಸಲೀಸು.

ಜೂನ್ 9, ಭಾನುವಾರ. ಸಂಜೆ

ಹೋಗಿ ಬಂದೆ. ಕಲ್ಯಾಣ ಮಂಟಪದ ತುಂಬ ಪ್ಲಾಸ್ಟಿಕ್ ಕುರ್ಚಿ. ಹಾಡು, ಲೈಟು. ಗಂಗಾಧರಸ್ವಾಮಿ ಅಂತ ಟ್ರೈನರ್, ಕೋಟು, ಕೆನ್ನೆ ಹತ್ತಿರ ಸಣ್ಣ ಮೈಕು. ನಿಮ್ಮ ಹೆದರಿಕೆಗಳನ್ನೆಲ್ಲ ಚೀಟಿಯಲ್ಲಿ ಬರೆಯಿರಿ ಅಂದರು. ನನಗೆ ಒಂದು ಚೀಟಿ ಸಾಲಲಿಲ್ಲ. ಇನ್ನೊಂದು ಕೇಳಿ ಇಸ್ಕೊಂಡೆ. ಎಲ್ಲವನ್ನೂ ಬಕೆಟ್ಟಿಗೆ ಹಾಕಿ ಬೆಂಕಿ ಹಚ್ಚಿದರು. ಎಲ್ಲರೂ ಚಪ್ಪಾಳೆ. ನಾನು ಪಕ್ಕದ ಪರದೆಗೆ ಬೆಂಕಿ ತಗಲುತ್ತೇನೋ ಅಂತ ನೋಡ್ತಾ ಇದ್ದೆ.

ಆಮೇಲೆ ಸರ್ ಸೀದಾ ನನ್ನ ಮುಂದೆ ಬಂದು ನಿಂತರು.

'ಏನಮ್ಮಾ, ಕುರ್ಚಿ ಕಚ್ಚುತ್ತಾ ನಿಮ್ಮನ್ನ?'

ಆಗ ಗೊತ್ತಾಯ್ತು, ಅಂಚಿನಲ್ಲಿ ಕೂತಿದ್ದೆ. ಒಂದು ಕಾಲು ಏಳೋದಕ್ಕೆ ರೆಡಿ.

'ಹಿಂದಕ್ಕೆ ಒರಗಿ. ಇದು ನಿಮ್ಮ ಜಾಗ. ಯಾರೇ ಬರಲಿ, ಏಳಬೇಡಿ.'

ಒರಗಿದೆ. ಬೆನ್ನಿಗೆ ಏನೋ ಸಿಕ್ಕಿತು. ಬಸ್ಸಿನಲ್ಲಿ ಬರುವಾಗಲೂ ಅದೇ ಯೋಚನೆ. ಇಷ್ಟು ವಯಸ್ಸಾಯ್ತು, ಗೋಡೆಗೆ ಒರಗಿದ್ದೀನಿ, ಕಂಬಕ್ಕೆ ಒರಗಿದ್ದೀನಿ. ಕುರ್ಚಿಗೆ ಒರಗಿದ್ದು ನೆನಪಿಲ್ಲ. ಮದುವೆ ದಿನ ಹಸೆಮಣೆ ಮೇಲೆ ಕೂರಿಸಿದರು. ಅದಕ್ಕೆ ಒರಗೋದೇ ಇಲ್ಲ.

ಜೂನ್ 10, ಸೋಮವಾರ

ಇವತ್ತು ಅಕ್ಷರ ಸೊಟ್ಟ.

ಪಡಸಾಲೆಯಲ್ಲಿ ಎರಡು ಕುರ್ಚಿ. ಒಂದು ಮಾವನವರದು, ಇನ್ನೊಂದು ಬಂದವರಿಗೆ. ಮಾವ ಗೇಟಿನ ಹತ್ತಿರ ಕೆಮ್ಮುತ್ತಾರೆ. ಕೆಮ್ಮಿದರೆ ಅತ್ತೆ, ನಾನು ಎಲ್ಲಿದ್ದರೂ ಎದ್ದು ಬಾಗಿಲ ಹಿಂದೆ. ಹರದನಹಳ್ಳಿಗೆ ಸೊಸೆಯಾಗಿ ಬಂದಾಗಿನಿಂದ ಹೀಗೇ. ಯಾರೂ ಹೇಳಿಕೊಟ್ಟಿದ್ದಲ್ಲ, ಅತ್ತೆ ಎದ್ದರು, ನಾನೂ ಎದ್ದೆ.

ಇವತ್ತು ಬಂದವರ ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸ್ತಿದ್ದೆ. ಕೆಮ್ಮು ಕೇಳಿತು. ಕಾಲು ತಾನಾಗೇ ಎದ್ದಿತು. ಹಿಡಿದುಕೊಂಡೆ.

'ಎದ್ದೇಳಮ್ಮಿ, ಮಾವ ಬಂದ್ರು' — ಒಳಗಿನಿಂದ ಅತ್ತೆ.

ಒರಗಿದೆ. ಮಾವ ಹೊಸಿಲ ಮೇಲೆ ನಿಂತರು. ನನ್ನ ಜೊತೆ ಅವರು ಮಾತಾಡುವವರಲ್ಲ, ಏನಿದ್ದರೂ ಅತ್ತೆಯ ಮೂಲಕ.

'ಏ ಇವ್ಳೆ, ನಾ ಎಲ್ಲಿ ಕುಂತ್ಕಬೇಕು ಕೇಳು.'

'ನಿಮ್ ಕುರ್ಚಿ ಖಾಲಿ ಅದ ಮಾವ' ಅಂದೆ. ನನ್ನ ದನಿಯೋ ಅದು?

ತಿರುಗಿ ಹೊರಟೇ ಹೋದರು. ಟೀ ಕೂಡ ಕುಡಿಯಲಿಲ್ಲ. ಬೀಪಿ ಏರಿದರೆ? ರಸ್ತೆಯಲ್ಲಿ ಎಲ್ಲಾದರೂ...

ಜೂನ್ 13, ಗುರುವಾರ

ಮಾವನದು ಮೂರು ಹೊತ್ತೂ ಊಟ ಹೊರಗಡೆ ಜಗಲಿ ಮೇಲೆ. ಹೋಗಿ ಬರುವವರಿಗೆಲ್ಲ ಕಾಣಲಿ ಅಂತ. ಇವರು ನನ್ನನ್ನು ಹಿತ್ತಲಿಗೆ ಕರೆದರು.

'ಮಂಡಿ ನೋವು, ಡಾಕ್ಟ್ರು ನೆಲದ ಮ್ಯಾಲ ಕೂರ್ಬೇಡ ಅಂದವ್ರ ಅಂತ ಹೇಳ್ಬುಡು ಅಪ್ಪಂಗ. ಮುಗ್ದೋಯ್ತದ.'

'ನನ್ ಮಂಡಿ ಚೆನ್ನಾಗೇ ಅವ.'

'ಒಂದ್ ಸುಳ್ಳು ಹೇಳಕ್ಕೇನಮ್ಮಿ ಕಷ್ಟ? ದಿನಾ ಗ್ಯಾಸ್ ಆರುಸ್ಲಿಲ್ಲ ಅಂತ ಸುಳ್‌ಸುಳ್ಳೇ ಎದ್ರುಕತ್ತಿಯಲ್ಲ!'

ನಗು ಬಂತು. ಆದರೂ ಒಪ್ಪಲಿಲ್ಲ. ಮಂಡಿಗೆ ಕೊಟ್ಟ ಕುರ್ಚಿ ಮಂಡಿ ವಾಸಿಯಾದ ದಿನ ವಾಪಸ್ ಹೋಗುತ್ತೆ. ನನಗೆ ಕೊಡಲಿ. ಕೊಡದಿದ್ದರೆ ಬೇಡ, ನಾನೇ ಕೂತಿದ್ದೀನಿ.

ಜೂನ್ 30, ಭಾನುವಾರ

ಮಾವ ಗುಂಡ್ಲುಪೇಟೆಗೆ ಹೋಗಿಬಿಟ್ಟರು. ಮೈದುನನ ಮನೆಗೆ. ಬಟ್ಟೆ ಚೀಲ ಹಿಡಿದು ಗೇಟಿನಲ್ಲಿ ನಿಂತು 'ಓಯ್ತೀನಿ' ಅಂದರು. ಬತ್ತೀನಿ ಅನ್ನಲಿಲ್ಲ. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡರು.

ಮಾತ್ರೆ ಡಬ್ಬಿ ತಗೊಂಡರೋ ಇಲ್ಲವೋ. ಷೆಲ್ಫ್ ನೋಡಿದೆ, ಇರಲಿಲ್ಲ. ದಾರಿಯಲ್ಲಿ ಬೀಳಿಸಿಕೊಂಡಿದ್ದರೆ? ಮೈದುನನ ಹೆಂಡತಿ ಪವಿತ್ರಳಿಗೆ ಫೋನ್ ಮಾಡಿ ಕೇಳಿದೆ. 'ತಂದವ್ರೆ ಅಕ್ಕ. ಏನ್ ಗಲಾಟೆ ಅಲ್ಲಿ?' ಅಂದಳು. ಗಲಾಟೆ ಇಲ್ಲ, ಕುರ್ಚಿ ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಜುಲೈ 16

ನಲ್ಲಿ ಹತ್ತಿರ ನೆರೆಮನೆ ಪುಟ್ಟಸಿದ್ದಮ್ಮ ಇನ್ನೊಬ್ಬಳಿಗೆ, ನನಗೆ ಕೇಳುವ ಹಾಗೇ: 'ಮಾವುನ್ನ ಓಡುಸ್ಬುಟ್ಟು ಮಾರಾಣಿ ಕುಂತವ್ಳ ಕಣಮ್ಮಿ.'

ಕೊಡ ತುಂಬುವ ತನಕ ಅಲ್ಲೇ ನಿಂತೆ. ಓಡಿ ಬರಲಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದರೆ, ಅವರದೂ ಅದೇ.

'ಕುಂತ್ಕವ್ವ. ಈಗ ಕೇಳೋರಿಲ್ಲ, ಎರಡ್ರಲ್ಲೂ ಕುಂತ್ಕ. ಕಾಲೂ ಚಾಚ್ಕ.'

ಕೂತೆ. ಏನೂ ಅನ್ನಿಸಲಿಲ್ಲ. ಮಾವ ಇಲ್ಲದಾಗ ಕೂತರೆ ಅದು ಕೂತ ಹಾಗಲ್ಲ. ಎದ್ದುಬಿಡಲಾ? ಫೋನ್ ಮಾಡಿ, ತಪ್ಪಾಯ್ತು ಮಾವ, ಬನ್ನಿ ಅಂತ ಹೇಳಿಬಿಡಲಾ? ಬೆಳಗ್ಗೆಯಿಂದ ತಲೆಯಲ್ಲಿ ಇದೇ ಕುಟ್ಟುತ್ತಿದೆ.

ತಪ್ಪು ಯಾವುದು? ಅದನ್ನು ಯಾರಾದರೂ ಹೇಳಲಿ. ಹೇಳುತ್ತೀನಿ.

ಆಗಸ್ಟ್ 18, ಭಾನುವಾರ. ಸಂಜೆ

ತುಂಬಾ ಆಯ್ತು ಇವತ್ತು. ಒಂದೊಂದಾಗಿ ಬರೀತೀನಿ.

ಟ್ರೈನಿಂಗಿನ ಎರಡನೇ ಲೆವೆಲ್ ಗುಂಡ್ಲುಪೇಟೆಯಲ್ಲಿ. ಮಾವನನ್ನೂ ನೋಡಿದ ಹಾಗಾಗುತ್ತೆ ಅಂತ ಹೋದೆ. ಬೇಗ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಒರಗಿಕೊಂಡು. ಸ್ವಲ್ಪ ಹೊತ್ತಿಗೆ ಕೊರಳಿಗೆ ಬ್ಯಾಡ್ಜ್ ಹಾಕಿದ ಹುಡುಗಿ ಬಂದಳು. ಗೆಸ್ಟ್‌ಗಳು ಜಾಸ್ತಿ ಬಂದಿದ್ದಾರೆ, ಹಳ್ಳಿ ಕಡೆ ಅಮ್ಮಂದಿರು ಕೆಳಗೆ ಜಮಖಾನದ ಮೇಲೆ ಕೂತ್ಕೊಳ್ಳಿ ಅಂದಳು. ಸಾಲಿಗೆ ಸಾಲೇ ಎದ್ದಿತು. ಸೆರಗು ಸರಿ ಮಾಡಿಕೊಂಡು, ತಪ್ಪು ಮಾಡಿದವರ ಹಾಗೆ.

'ನಾನು ಏಳಕ್ಕಿಲ್ಲ.'

ಹುಡುಗಿ ಹೋಗಿ ಸರ್ ಅನ್ನೇ ಕರೆತಂದಳು. ಅದೇ ಗಂಗಾಧರಸ್ವಾಮಿ, ಅದೇ ನಗು.

'ಅಡ್ಜಸ್ಟ್ ಮಾಡ್ಕೋಬೇಕಮ್ಮಾ. ಅದೂ ವ್ಯಕ್ತಿತ್ವಾನೇ.'

'ಯಾರೇ ಬರಲಿ ಏಳಬೇಡಿ ಅಂದಿದ್ದು ನೀವೇ ಅಲ್ವ ಸರ್? ಚಾಮರಾಜನಗರದಲ್ಲಿ.'

'ಅಯ್ಯೋ, ಅದು ಮನಸ್ಸಲ್ಲಿ ಕೂರೋದಮ್ಮಾ.'

'ಮನಸ್ಸಿಗೆ ಬೆನ್ನಿಲ್ಲ ಸರ್, ಒರಗಕ್ಕ.'

ಜಮಖಾನದ ಮೇಲಿದ್ದ ಯಾರೋ ಕಿಸಕ್ಕನೆ ನಕ್ಕರು. ಸರ್ ನಗು ಹೋಯ್ತು. ಗೆಸ್ಟ್‌ಗೆ ಒಳಗಿನಿಂದ ಬೇರೆ ಕುರ್ಚಿ ಬಂತು. ಇತ್ತಲ್ಲ ಹಾಗಾದರೆ!

ಮುಗಿಯುವ ತನಕ ತೊಡೆ ನಡುಗುತ್ತಲೇ ಇತ್ತು. ಅವತ್ತು ಬಕೆಟ್ಟಿನಲ್ಲಿ ಸುಟ್ಟಿದ್ದು ಬರೀ ಕಾಗದ. ಹೆದರಿಕೆ ಎಲ್ಲ ಒಳಗೇ ಇದೆ, ಒಂದೂ ಕಮ್ಮಿಯಾಗಿಲ್ಲ. ಇರಲಿ. ಅದು ಹೋಗಲಿ ಅಂತ ಕಾಯುವವಳಲ್ಲ ನಾನು. ಹೆದರಿಕೊಂಡೇ ಕೂರುತ್ತೀನಿ.

ಅಲ್ಲಿಂದ ಮೈದುನನ ಮನೆಗೆ. ಮಾವ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು, ಚಪ್ಪಲಿಗಳ ಪಕ್ಕ. ಸೊರಗಿದ್ದರು. ಬಾಗಿಲು ತೆರೆದಿತ್ತು. ಒಳಗೆ ದೊಡ್ಡ ಸೋಫಾ, ಪವಿತ್ರ ಕಾಲು ಮಡಿಸಿ ಕೂತು ಫೋನ್ ನೋಡ್ತಿದ್ದಾಳೆ. ಅವಳು ಕೆಲಸ ಮಾಡುವ ಬ್ಯಾಂಕಿಗೆ ರಜೆ. ನನ್ನನ್ನು ಕಂಡು 'ಬಾ ಅಕ್ಕ, ಕೂತ್ಕೊ' ಅಂತ ಜರುಗಿದಳು. ಒಳ್ಳೆಯವಳೇ. ಟೀ ಕೊಟ್ಟಳು. ಮಾವನಿಗೂ ಮೆಟ್ಟಿಲಿಗೇ ಕೊಟ್ಟಳು.

ನಾನು ಲೋಟ ಹಿಡಿದು ಹೊರಗೆ ಬಂದೆ.

'ಪವಿತ್ರ ಕೂತ್ರೆ ನೀವು ಏನೂ ಅನ್ನಕ್ಕಿಲ್ಲ. ನಾ ಕೂತ್ರೆ ಮನೆನೇ ಬುಟ್ಟು ಬಂದ್ರಲ್ಲ ಮಾವ.'

ಟೀ ಊದಿದರು. ಆಮೇಲೆ ಮೊದಲ ಸಲ ನನ್ನ ಮುಖಕ್ಕೇ ಹೇಳಿದರು.

'ಇದು ಅವ್ಳ್ ಮನ ಕಣಮ್ಮಿ.'

'ಹಂಗಾರ ಅದು ಯಾರ್ ಮನ?'

ಮಾವ ಚಪ್ಪಲಿಗಳ ಕಡೆ ನೋಡಿದರು. ನಾನು ಹೇಳಿಯೇ ಹೇಳಿದೆ.

'ಬನ್ನಿ ಮಾವ, ಕರ್ಕೊಂಡೋಗಕ್ಕೇ ಬಂದಿವ್ನಿ. ನಿಮ್ ಕುರ್ಚಿ ಹಂಗೇ ಅದ, ಧೂಳು ಒರ್ಸಿವ್ನಿ. ಆದ್ರ ನಂದು ನಾ ಬುಡಕ್ಕಿಲ್ಲ.'

ಲೋಟ ಕೆಳಗಿಟ್ಟರು. ಟವೆಲ್ ಕೊಡವಿದರು. 'ನಗರದ ಬಸ್ಸು ಎಷ್ಟೊತ್ಗ ಅದ?' ಅಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡರು. ಮಾವನ ಪಕ್ಕ ಸೊಸೆ ಕೂರುವುದುಂಟಾ? ಕಂಬಿ ಹಿಡಿದು ನಿಂತೆ. ಇಲ್ಲಿ ಜಗಳ ಬೇಡ, ಬಸ್ಸಿನಿಂದ ಇಳಿದುಬಿಟ್ಟರೆ ಏನು ಗತಿ ಅಂತ. ತೆರಕಣಾಂಬಿಯಲ್ಲಿ ಜನ ನುಗ್ಗಿದರು. ತರಕಾರಿ ಮೂಟೆಯವನೊಬ್ಬ ಚೀಲಕ್ಕೆ ಕೈ ಹಾಕಿದ.

'ಯಜಮಾನ್ರೇ, ಈ ಸೀಟು?'

'ಜನ ಅವ್ರ' ಅಂದರು ಮಾವ.

ಚೀಲ ಎತ್ತಿ ತೊಡೆ ಮೇಲೆ ಇಟ್ಟುಕೊಂಡರು. ನನ್ನ ಕಡೆ ನೋಡಲಿಲ್ಲ, ಕಿಟಕಿ ಆಚೆ ನೋಡ್ತಿದ್ದರು. ಕೂತೆ. ಒರಗಿದೆ. ಚಾಮರಾಜನಗರದಲ್ಲಿ ಇಳಿಯುವ ತನಕ ಒರಗಿಯೇ ಇದ್ದೆ.

ಆಗಸ್ಟ್ 19, ಸೋಮವಾರ. ಸಂಜೆ

ಮಾವ ಟೀ ಅಂಗಡಿಗೆ ಹೋಗಿದ್ದಾರೆ. ನಾನು ಪಡಸಾಲೆಯಲ್ಲಿ ನನ್ನ ಕುರ್ಚಿಯಲ್ಲೇ ಕೂತು ಬರೀತಿದ್ದೀನಿ. ಅತ್ತೆ ಹುರುಳಿಕಾಯಿ ಮೊರ ಹಿಡಿದು ಬಂದರು. ಕಂಬದ ಹತ್ತಿರ ಕೂರಲು ಬಗ್ಗಿದವರು ನಿಂತರು. ಮಾವನ ಕುರ್ಚಿ ನೋಡಿದರು. ನನ್ನನ್ನು ನೋಡಿದರು.

'ಏನ್ ನೋಡೀಯೆ? ಬರ್ಕೊ ನಿಂದು ನೀನು.'

ಬರೀತಿದ್ದೀನಿ. ಓರೆಗಣ್ಣಲ್ಲಿ ನೋಡ್ತಾನೂ ಇದ್ದೀನಿ. ಸೆರಗಿನಿಂದ ಕುರ್ಚಿ ಒರೆಸಿದರು. ಕೂತರು. ಅಂಚಿನಲ್ಲಿ, ಒಂದು ಕಾಲು ಮುಂದೆ. ಎರಡೂ ಕುರ್ಚಿ ತುಂಬಿಹೋಯ್ತು, ಈಗ ಮಾವ ಬಂದರೆ...

'ಒರಗಿ ಅತ್ತೆ' ಅಂದೆ.

'ಸುಮ್ನಿರಮ್ಮಿ' ಅಂದರು. ಒರಗಿದರು.

ಗೇಟಿನ ಹತ್ತಿರ ಕೆಮ್ಮು. ಅತ್ತೆ ಮೊರವನ್ನು ತೊಡೆ ಮೇಲೆ ಗಟ್ಟಿಯಾಗಿ ಹಿಡ್ಕೊಂಡಿದ್ದಾರೆ. ಇನ್ನೂ ಎದ್ದಿಲ್ಲ. ಹೆಜ್ಜೆ ಸದ್ದು ಜಗಲಿಗೆ ಬಂತು. ಅತ್ತೆ ಇನ್ನೂ ಒರಗಿಯೇ ಇದ್ದಾರೆ.