ಬಟ್ಟೆ ತಂತಿಯ ಆಚೆ

ಟಿ.ಬಿ. ಡ್ಯಾಂ, ಹೊಸಪೇಟೆ
೧೪-೯-೨೦೨೨, ಬುಧವಾರ

ಮನೆಯ ಸೊಸೆ ಗಂಗಾಳಿಗೆ, ಅತ್ತೆ ಜಂಬವ್ವ ಆಶೀರ್ವಾದ ಮಾಡಿ ಬರೆಯುವುದು. ಮೊದಲಿಗೆ ‘ಪ್ರೀತಿಯ’ ಎಂದು ಹಾಕಬೇಕಂತೆ, ನಿನ್ನ ಗಂಡ ಹೇಳಿದ. ನಾನು ಹಾಕಿದರೆ ನೀನೇ ನಂಬುವುದಿಲ್ಲ, ಅದಕ್ಕೆ ಬಿಟ್ಟಿದ್ದೇನೆ.

ನೀನು ಹೇಗಿದ್ದೀ? ಪುಟ್ಟಿಯ ಕೆಮ್ಮು ನಿಂತಿತೇ? ಅವಳ ಟೀಚರು ಎರಡು ಸಲ ಫೋನು ಮಾಡಿದ್ದರು, ಅಜ್ಜಿಯ ಊರಿಗೆ ಹೋಗಿದ್ದಾಳೆ ಎಂದೆ. ಚೋರನೂರಿನಲ್ಲಿ ಮಳೆ ಹದವಾಗಿ ಬಂತೇ, ನಿಮ್ಮಪ್ಪನ ಜೋಳ ಮೊಣಕಾಲೆತ್ತರ ಬಂದಿದೆಯೇ? ನಿಮ್ಮವ್ವನಿಗೆ ಕಳಿಸಿದ ನೋವಿನ ಎಣ್ಣೆ ಹಚ್ಚುತ್ತಿದ್ದಾರೋ ಇಲ್ಲ ಗೂಡಿನಲ್ಲಿ ಇಟ್ಟಿದ್ದಾರೋ? ಇಟ್ಟಿರುತ್ತಾರೆ. ನಾನು ಗಟ್ಟಿಯಾಗಿದ್ದೇನೆ. ಬಲ ರಟ್ಟೆ ಮಾತ್ರ ಹಾಗೇ ಇದೆ, ಭುಜದಿಂದ ಮೇಲೆ ಏಳುವುದಿಲ್ಲ. ನೀನಿದ್ದಾಗ ಆಸ್ಪತ್ರೆಗೆ ಹೋಗುವ ಅವಸರದಲ್ಲೂ ನನ್ನ ತಲೆ ಬಾಚಿ ತುರುಬು ಕಟ್ಟಿಯೇ ಹೋಗುತ್ತಿದ್ದೆ. ಈಗ ಆರು ದಿನದಿಂದ ನಾನೇ ಎಡಗೈಯಲ್ಲಿ ಕಟ್ಟಿಕೊಳ್ಳುತ್ತಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಬಿಚ್ಚಿ ಬೆನ್ನ ಮೇಲೆ ಬೀಳುತ್ತದೆ.

ಫೋನು ಇರುವಾಗ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ನನಗೆ ಮೊದಲು ಸಿಟ್ಟು ಬರುತ್ತದೆ, ಮಾತು ಆಮೇಲೆ ಬರುತ್ತದೆ, ಅಷ್ಟರೊಳಗೆ ನೀನು ಇಟ್ಟುಬಿಡುತ್ತೀ. ಕಾಗದದಲ್ಲಿ ಸಿಟ್ಟು ಬಂದರೆ ಪೆನ್ನು ಕೆಳಗಿಟ್ಟು ಒಲೆ ನೋಡಿ ಬರಬಹುದು. ಹೀಗೆ ಬೆಳಗಿನಿಂದ ನಾಲ್ಕು ಸಲ ಎದ್ದಿದ್ದೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಪುಟ್ಟಿಯ ನೋಟ್‌ಬುಕ್ಕಿನಲ್ಲಿ ಅವಳಿಗಿಂತ ವಕ್ರವಾಗಿ ಬರೆಯುತ್ತಿದ್ದೇನೆ. ಅವಳಿಗೆ ತೋರಿಸಬೇಡ.

ಇಲ್ಲಿ ಡ್ಯಾಂ ತುಂಬಿದೆ, ಗೇಟು ತೆಗೆದಿದ್ದಾರೆ. ನೀರಿನ ಸದ್ದು ಅಡುಗೆಮನೆಯ ತನಕ ಬರುತ್ತದೆ. ಬೆಳಿಗ್ಗೆ ಎದ್ದಾಗ ಯಾರೋ ದೂರದಲ್ಲಿ ಅಕ್ಕಿ ಕೇರುತ್ತಲೇ ಇದ್ದಾರೆ ಎನ್ನಿಸುತ್ತದೆ. ಬಟ್ಟೆ ಒಣಗುವುದಿಲ್ಲ, ಗಾಳಿಯಲ್ಲೇ ಹಸಿ. ನಿನ್ನ ಗಂಡ ಹೊನ್ನೂರುಸ್ವಾಮಿ ಕಾಲುವೆ ಆಫೀಸಿನಿಂದ ಬಂದು ತಾನೇ ರೊಟ್ಟಿ ಬಡಿಯುತ್ತೇನೆ ಎಂದು ಕುಳಿತ. ಅವನ ರೊಟ್ಟಿ ತಟ್ಟೆಗೆ ಹಾಕಿದರೆ ತಟ್ಟೆ ಮಾತಾಡುತ್ತದೆ. ಅರ್ಧ ತಿಂದು, ‘ಗಂಗಾ ಯಾವಾಗ ಬರ್ತಾಳವ್ವ’ ಎಂದ. ನನ್ನನ್ನು ಯಾಕೆ ಕೇಳ್ತೀಲೇ ಎಂದು ಗದರಿದೆ. ಯಾಕೆ ಕೇಳುತ್ತಾನೆ ಎಂದು ಇಬ್ಬರಿಗೂ ಗೊತ್ತು.

ಹೋದ ಗುರುವಾರದ ಮಾತು ಬರೆಯದೆ ಮುಂದೆ ಹೋಗಲಾರೆ. ಕುದಿಯುವ ಅಂಬಲಿಯ ಪಾತ್ರೆ ಇಳಿಸಿದೆ. ಗುಂಡು ತಳದ ಪಾತ್ರೆ, ಕೆಳಗೆ ಬಟ್ಟೆ ಸುತ್ತಿದ ಸಿಂಬಿ ಇಡದಿದ್ದರೆ ಉರುಳುತ್ತದೆ. ಸಿಂಬಿ ಎಂದುಕೊಂಡು ಕೈಗೆ ಸಿಕ್ಕಿದ್ದನ್ನು ಇಟ್ಟೆ. ಅದು ನಿನ್ನ ಟೆನ್ನಿಕಾಯ್ಟ್ ರಿಂಗು. ರಬ್ಬರು ಮೆತ್ತಗಾಗಿ ಚಪ್ಪಟೆಯಾಗಿ ತಳಕ್ಕೆ ಅಂಟಿಕೊಂಡಿತು. ನರ್ಸಿಂಗ್ ಓದುವಾಗಿನಿಂದ ನೀನು ಅದೊಂದರಲ್ಲೇ ಆಡಿದವಳು, ನೌಕರರ ಕ್ರೀಡಾಕೂಟಕ್ಕೆ ಇನ್ನು ಹದಿನಾರು ದಿನ ಇತ್ತು. ನೀನು ಬೈದಿದ್ದರೆ ನಾನೂ ಬೈದು ಅಲ್ಲಿಗೆ ಮುಗಿಯುತ್ತಿತ್ತು. ನೀನು ಬೈಯಲಿಲ್ಲ, ಚಾಕುವಿನಿಂದ ಕೆರೆದು ಬಿಡಿಸುತ್ತಾ ಕುಳಿತೆ. ನನಗೆ ಅದನ್ನು ನೋಡಲಾಗಲಿಲ್ಲ, ಬಾಯಿ ಬಿಟ್ಟೆ. ‘ಮೂವತ್ತು ದಾಟಿದಾಕಿ, ಮಗಳನ್ನ ಇಟ್ಕೊಂಡು ಅಂಗಳದಾಗ ಕುಣಿಯಾಕ ನಾಚಿಕಿ ಬ್ಯಾಡೇನು? ಸಿಂಬಿ ಯಾವುದು ರಿಂಗ್ ಯಾವುದು ಅಂತ ನಾ ನೋಡ್ಕೊಂತ ಕುಂದ್ರಲೇನು?’ ನೀನು ಪಾತ್ರೆ ತೊಳೆದು ಬೋರಲು ಹಾಕಿದೆ. ‘ಇನ್ನ ಮ್ಯಾಲೆ ನೋಡೋದು ಬರಂಗಿಲ್ರಿ ಅತ್ತಿ, ಆಡೋದು ಬಿಟ್ಟೆ’ ಎಂದೆ. ಮರುದಿನ ಆಸ್ಪತ್ರೆಗೆ ರಜೆ ಹಾಕಿ ಮಗಳನ್ನು ಕರೆದುಕೊಂಡು ತವರಿಗೆಂದು ಸಂಡೂರು ಬಸ್ಸು ಹತ್ತಿದೆ.

ಕುಣಿಯುವುದು ಎಂದೆನಲ್ಲ, ಈ ಅಂಗಳದಲ್ಲಿ ಮೊದಲು ಕುಣಿದವಳು ನೀನಲ್ಲ. ಇದನ್ನು ನಿನಗೆ ಹತ್ತು ವರ್ಷದಲ್ಲಿ ಒಮ್ಮೆಯೂ ಹೇಳಿಲ್ಲ. ನಮ್ಮಪ್ಪ ಎರ್ರಿಯಪ್ಪ ಕಾಲುವೆಯ ಗೇಟು ಎತ್ತುವ ಕೆಲಸದವನು, ನಮ್ಮ ಮನೆ ಇದೇ ಕ್ವಾರ್ಟರ್ಸ್ ಸಾಲಿನಲ್ಲಿ, ಇಲ್ಲಿಂದ ನಾಲ್ಕನೇ ಬಾಗಿಲು. ಈಗ ನಾವಿರುವ ಈ ಮನೆಯ ಎದುರಿನ ಮನೆಯವಳು ನನ್ನ ಗೆಳತಿ ರೇಣುಕಾ. ಆ ಮನೆಯ ಗೋಡೆಯಿಂದ ಈ ಮನೆಯ ಗೋಡೆಗೆ ಬಟ್ಟೆ ಒಣಗಿಸುವ ತಂತಿ. ಆಫೀಸರುಗಳ ಕ್ಲಬ್ಬಿನಲ್ಲಿ ಅವರ ಹೆಂಗಸರು ಸಂಜೆ ಬಲೆ ಕಟ್ಟಿ ಕೆಂಪು ರಬ್ಬರಿನ ರಿಂಗು ಎಸೆದಾಡುತ್ತಿದ್ದರು, ಬೇಲಿಯಾಚೆ ಬಿದ್ದದ್ದನ್ನು ಹೆಕ್ಕಿ ಕೊಡುವ ಕೆಲಸ ನಮ್ಮಿಬ್ಬರದು. ಹೆಕ್ಕಿ ಕೊಡುತ್ತಲೇ ಆಟ ಕಲಿತೆವು. ಒಂದೇ ಕೈಯಲ್ಲಿ ಹಿಡಿಯಬೇಕು, ಮೈಗೆ ತಾಗಿಸಬಾರದು, ಹಿಡಿದ ಕೂಡಲೇ ಎಸೆಯಬೇಕು, ಎಸೆದದ್ದು ಗಾಳಿಯಲ್ಲಿ ನಡುಗಬಾರದು. ನಮಗೆ ರಿಂಗು ಎಲ್ಲಿಂದ ಬರಬೇಕು? ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬಿ ಇತ್ತಲ್ಲ, ಹಳೇ ಸೀರೆ ಸುತ್ತಿ ಹೊಲಿದದ್ದು. ನೀರಿಗೆ ಹೋಗಿ ಬಂದು ಕೊಡ ಇಳಿಸಿ, ಆ ಸಿಂಬಿಯನ್ನೇ ತಂತಿಯ ಮೇಲಿಂದ ಎಸೆದಾಡುತ್ತಿದ್ದೆವು. ಒದ್ದೆ ಸಿಂಬಿ ಭಾರ, ಒಣಗಿದ್ದು ಹಗುರ, ಎರಡಕ್ಕೂ ಕೈ ಹದವಾಗಿತ್ತು. ತಂತಿಯ ಮೇಲೆ ಬಂದಾಗ ಅದು ಒಂದು ಗಳಿಗೆ ನಿಂತ ಹಾಗೆ ಕಾಣುತ್ತದೆ, ನೀನೂ ನೋಡಿರುತ್ತೀ. ನಡುವಿನ ತೂತಿನಲ್ಲಿ ಅಷ್ಟೇ ಅಷ್ಟು ಆಕಾಶ. ಆಮೇಲೆ ಅದು ಕೈಯೊಳಗೆ ಇಳಿದುಬಿಡುತ್ತದೆ. ನನ್ನ ಚಿಕ್ಕಂದಿನದು ಏನು ನೆನಪಿದೆ ಎಂದು ಯಾರಾದರೂ ಕೇಳಿದರೆ ಅದೊಂದೇ, ಸಿಂಬಿಯೊಳಗಿನ ಆಕಾಶ.

ಹದಿನಾರಕ್ಕೆ ಮೆಟ್ರಿ ಊರಿಗೆ ಮದುವೆ ಮಾಡಿ ಕೊಟ್ಟರು. ಅಲ್ಲಿ ಅಂಗಳದಲ್ಲಿ ಎಮ್ಮೆ ಕಟ್ಟುತ್ತಿದ್ದರು, ತಂತಿ ಇರಲಿಲ್ಲ, ಬೇಲಿಯ ಮೇಲೆ ಬಟ್ಟೆ ಹರವುತ್ತಿದ್ದರು. ನಿನ್ನ ಮಾವ ಒಳ್ಳೆಯವನು, ಆದರೆ ಹೆಂಡತಿ ಆಡುವುದೆಂದರೆ ಅವನಿಗೆ ಅರ್ಥವೇ ಆಗದ ಮಾತು. ಕೇಳಲೂ ಇಲ್ಲ ನಾನು. ಆದರೆ ಭತ್ತದ ನಾಟಿಯ ಕಾಲಕ್ಕೆ ಸಸಿಯ ಕಟ್ಟು ಎಸೆಯುವ ಕೆಲಸ ಇತ್ತಲ್ಲ, ಅದು ನನ್ನದಾಯಿತು. ಬದುವಿನ ಮೇಲೆ ನಿಂತು ಕೆಸರಿನಲ್ಲಿ ಬಗ್ಗಿದ ಹೆಂಗಸರಿಗೆ ಒಬ್ಬೊಬ್ಬರಿಗೂ ಕಟ್ಟು ಎಸೆಯಬೇಕು. ಬೇರೆಯವರು ಎಸೆದರೆ ಮುಖಕ್ಕೆ ಕೆಸರು ಸಿಡಿಯುತ್ತಿತ್ತು. ನಾನು ಎಸೆದದ್ದು ಅವರ ಎಡಗೈಯ ಬಳಿ ಸದ್ದಿಲ್ಲದೆ ಕೂರುತ್ತಿತ್ತು. ‘ಜಂಬವ್ವ ಒಗದ್ರ ಕಣ್ಣು ಮುಚ್ಕೊಂಡು ಕೈ ಚಾಚಬೌದು ನೋಡು’ ಅನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಎಸೆದೆ. ಹಸಿರು ಕಟ್ಟುಗಳು ಬಿಸಿಲಿನಲ್ಲಿ ನೀರು ಸುರಿಸುತ್ತಾ ಹಾರುವಾಗ ಆಚೆ ಬದುವಿನಲ್ಲಿ ರೇಣುಕಾ ನಿಂತಿದ್ದಾಳೆ ಎಂದುಕೊಳ್ಳುತ್ತಿದ್ದೆ. ಮನೆಗೆ ಹೋಗಿ ರೊಟ್ಟಿ ಬಡಿಯುವಾಗಲೂ ಕೈಯೊಳಗೆ ಆ ಎಸೆತ ಇನ್ನೂ ಓಡುತ್ತಿರುತ್ತಿತ್ತು. ಬಲ ರಟ್ಟೆ ಸವೆದದ್ದೂ ಅಲ್ಲೇ ಇರಬೇಕು.

ನಿನ್ನ ಮಾವ ಹೋದ ಮೇಲೆ ಹೊನ್ನೂರುಸ್ವಾಮಿಗೆ ಇಲ್ಲಿ ಕೆಲಸವಾಗಿ ಇದೇ ಸಾಲಿನಲ್ಲಿ ಮನೆ ಕೊಟ್ಟರು. ಟ್ರಂಕು ಇಳಿಸುವ ಮೊದಲು ನಾನು ಗೋಡೆ ನೋಡಿದೆ. ತಂತಿಯ ಕೊಂಡಿ ಅಲ್ಲೇ ಇತ್ತು, ಎಷ್ಟು ಸಲ ಸುಣ್ಣ ಬಳಿದಿದ್ದರೋ, ಗುಬ್ಬಚ್ಚಿ ಮೊಟ್ಟೆಯ ಹಾಗೆ ದುಂಡಗಾಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನೀನು ಆಸ್ಪತ್ರೆಯ ಡ್ಯೂಟಿ, ಬಾಣಂತನ, ಮಗು ಎಂದು ಆಟ ಮರೆತಿದ್ದೆ. ಈ ವರ್ಷ ಪೆಟ್ಟಿಗೆಯಿಂದ ರಿಂಗು ತೆಗೆದು, ಜೊತೆಯ ನರ್ಸು ಮರುಳಸಿದ್ದಮ್ಮನನ್ನು ಕರೆದು, ನನ್ನ ಸೀರೆಗಳನ್ನು ತಂತಿಯ ಒಂದು ಕಡೆಗೆ ಸರಿಸಿ ಆಡಲು ಶುರುಮಾಡಿದಾಗ ಒಣಗುವ ಬಟ್ಟೆಗೆ ಮಣ್ಣಾಗುತ್ತದೆ ಎಂದು ನಾನು ಕೂಗಾಡಿದೆ. ಕೂಗಾಡಿ ಒಳಗೆ ಹೋಗಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮೂರು ತಿಂಗಳು ಒಂದು ಸಂಜೆಯೂ ಬಿಟ್ಟಿಲ್ಲ. ಎರಡು ಸಲ ಸಾರು ಸೀದದ್ದು ಅದಕ್ಕೇ, ಗ್ಯಾಸಿನ ಮೇಲೆ ತಪ್ಪು ಹಾಕಿದೆ. ನೀನು ಎಡಕ್ಕೆ ಬಂದದ್ದನ್ನು ಹಿಡಿಯುವಾಗ ಬಲಗಾಲು ಮುಂದಿಡುತ್ತೀ, ಅದಕ್ಕೇ ಮರಳಿ ಎಸೆಯಲು ತಡವಾಗುತ್ತದೆ. ಕಿಟಕಿಯಿಂದ ನೂರು ಸಲ ಬಾಯಿಯವರೆಗೆ ಬಂತು, ಹೇಳಲಿಲ್ಲ. ಹೇಳಿದ್ದರೆ ನೀನು, ನಿಮಗೆ ಹೇಗೆ ಗೊತ್ತು ಅತ್ತಿ ಎಂದು ಕೇಳುತ್ತಿದ್ದೆ.

ಮರುಳಸಿದ್ದಮ್ಮ ಶನಿವಾರ ಬಂದಿದ್ದಳು. ‘ಆಟದ ಪಟ್ಟಿಯಾಗಿನ ಹೆಸರು ತೆಗಿಸು ಅಂದಾಳ್ರಿ ಗಂಗಕ್ಕ, ಏನು ಮಾಡ್ಲಿ’ ಎಂದಳು. ಹೆಸರು ತೆಗೆದರೆ ನಿನ್ನ ಜಡೆ ಕಿತ್ತು ಕೈಗೆ ಕೊಡುತ್ತೇನೆ ಎಂದೆ. ಹೆದರಿ ಚಹಾ ಕುಡಿಯದೆ ಹೋದಳು, ಪಾಪ. ಪಟ್ಟಿ ಕೊಡುವುದು ಈ ಶುಕ್ರವಾರ ಸಂಜೆ, ಆಟ ಇಪ್ಪತ್ತನಾಲ್ಕಕ್ಕೆ. ಅವಳು ಹೋದ ಮೇಲೆ ನಾನು ಆಟೋ ಹತ್ತಿ ಹೊಸಪೇಟೆಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ಆಟದ ಸಾಮಾನಿನ ಅಂಗಡಿ ಇದೆ. ಅಂಗಡಿಯವನು ‘ಯಾವ ಕ್ಲಾಸಿನಾಕಿಗೆ ಬೇಕವ್ವಾ’ ಎಂದ. ಅರವತ್ತೇಳನೇ ಕ್ಲಾಸಿನಾಕಿಗೆ ಎಂದೆ. ಅವನು ಕೊಟ್ಟದ್ದೆಲ್ಲ ಮೆತ್ತನೆಯ ಮಾಲು, ಹಿಚುಕಿದರೆ ಬದನೆಕಾಯಿ. ಏಳು ರಿಂಗು ತೆಗೆಸಿ ನೋಡಿ, ಎಂಟನೆಯದನ್ನು ಅಂಗಡಿಯ ಆ ತುದಿಗೆ ಎಸೆದೆ. ನಡುಗದೆ ಹೋಗಿ ಅವನ ಊದಿನಕಡ್ಡಿಯ ಸ್ಟ್ಯಾಂಡು ಕೆಡವಿತು. ಅದನ್ನೇ ತಂದೆ. ‘ಇನ್ನೊಮ್ಮೆ ಬರಬ್ಯಾಡ್ರಿ’ ಎಂದು ಕೈಮುಗಿದ, ಆದರೆ ನಗುತ್ತಿದ್ದ.

ಆವತ್ತಿನಿಂದ ನಾಲ್ಕು ಸಂಜೆ ನಾನೂ ನಿನ್ನ ಗಂಡನೂ ಆಡುತ್ತಿದ್ದೇವೆ. ನಗಬೇಡ. ಹೊಸ ರಿಂಗಿನ ಬಿಗಿ ಬಿಡಬೇಕಲ್ಲ, ಅದಕ್ಕೆ. ಅವನು ಅಪ್ಪಿಕೊಂಡು ಹಿಡಿಯುತ್ತಾನೆ, ಕೂಸು ಬಿದ್ದ ಹಾಗೆ. ಎಸೆದರೆ ಮೂರಕ್ಕೆ ಎರಡು ಪಕ್ಕದ ಮನೆಗೆ ಹೋಗುತ್ತದೆ. ಎದುರಿನ ಮನೆಯ ಮೆಟ್ಟಿಲ ಮೇಲೆ ಹೆಂಗಸರು ಬಂದು ಕುಳಿತು, ‘ನಮ್ಮ ಜಂಬವ್ವಗ ಏನೋ ಆಗೈತಿ’ ಅನ್ನುತ್ತಾರೆ. ಆಗಲಿ. ಹೊತ್ತು ಮುಳುಗುವಾಗ ಡ್ಯಾಂ ಕಡೆಯ ಬೆಳಕು ತಂತಿಯ ಮೇಲೆ ಬೀಳುತ್ತದೆ, ತಂತಿ ಕಾಣುವುದೇ ಇಲ್ಲ, ಒದ್ದೆ ಸೀರೆಗಳು ಯಾವುದಕ್ಕೂ ಕಟ್ಟದೆ ಹಾಗೇ ತೇಲುತ್ತಿವೆ ಎನ್ನಿಸುತ್ತದೆ. ಅವುಗಳ ಮೇಲಿಂದ ರಿಂಗು ಬರುತ್ತದೆ. ಆಗ ನನಗೆ ಇದು ಯಾವ ವರ್ಷ, ಆಚೆ ಇರುವವರು ಯಾರು ಎಂದು ಸ್ವಲ್ಪ ಹೊತ್ತು ತಿಳಿಯುವುದಿಲ್ಲ. ರೇಣುಕಾ ಇರಬಹುದು, ಮೆಟ್ರಿಯ ನಾಟಿಯ ಹೆಂಗಸರು ಇರಬಹುದು, ಹೆಚ್ಚಾಗಿ ನೀನೇ ಇರುತ್ತೀ.

ಹೊನ್ನೂರುಸ್ವಾಮಿ ಅರ್ಧ ದಿನ ರಜೆ ಹಾಕಿದ್ದಾನೆ, ಈ ಕಾಗದವನ್ನೂ ರಿಂಗನ್ನೂ ಅವನ ಚೀಲದಲ್ಲಿ ಇಟ್ಟು ಕಳಿಸುತ್ತಿದ್ದೇನೆ. ರಿಂಗು ಕೈಗೆ ಹೊಂದಿದರೆ ಇಟ್ಟುಕೋ. ಹೊಂದದಿದ್ದರೆ ಅಂಗಡಿಗೆ ಇನ್ನೊಮ್ಮೆ ಹೋಗುತ್ತೇನೆ, ಅವನು ಕೈಮುಗಿದರೂ ಸರಿ. ಶುಕ್ರವಾರ ಸಂಜೆಯೊಳಗೆ ನೀನು ಬರಬೇಕು. ಬಂದ ಮೇಲೆ ನನ್ನ ಜೊತೆ ಮಾತಾಡದಿದ್ದರೂ ನಡೆಯುತ್ತದೆ. ತಂತಿಯ ಮೇಲಿನ ಬಟ್ಟೆ ಸಂಜೆ ನಾಲ್ಕಕ್ಕೆ ನಾನೇ ತೆಗೆದಿರುತ್ತೇನೆ.

ನಿಮ್ಮಪ್ಪನಿಗೂ ಅವ್ವನಿಗೂ ನನ್ನ ನಮಸ್ಕಾರ ಹೇಳು, ಎಣ್ಣೆ ಹಚ್ಚಲು ಹೇಳು. ಪುಟ್ಟಿಗೆ ಮುತ್ತು. ನಿನಗೆ ದೇವರು ಗಟ್ಟಿ ಕಾಲು ಕೊಡಲಿ.

ಇಂತಿ ನಿನ್ನ ಅತ್ತೆ,
ಜಂಬವ್ವ

ಮರೆತೆ. ಅವನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿನ ಹೊತ್ತಾಯಿತು ಎನ್ನುತ್ತಿದ್ದಾನೆ, ಅದಕ್ಕೇ ಬೇಗ ಬರೆಯುತ್ತೇನೆ. ಸಿಂಬಿ ಎಂದುಕೊಂಡೆ ಎಂದು ಮೇಲೆ ಬರೆದದ್ದು ಸುಳ್ಳು. ಆ ಗುರುವಾರದ ಹಿಂದಿನ ಸಂಜೆ ನಾನು ಬಟ್ಟೆ ತೆಗೆಯಲು ಬಂದಾಗ ನೀನು ‘ಹಿಡೀರಿ ಅತ್ತಿ’ ಎಂದು ತಂತಿಯ ಮೇಲಿಂದ ರಿಂಗು ಎಸೆದೆ. ನನ್ನ ಬಲಗೈ ಏಳಲಿಲ್ಲ. ಎದೆಗೆ ಬಡಿದು ಕಾಲ ಬಳಿ ಬಿತ್ತು. ನೀನು ನಕ್ಕೆ, ಕೆಟ್ಟ ನಗೆಯಲ್ಲ ಅದು, ನನಗೆ ಗೊತ್ತು. ಆದರೂ ನಿದ್ದೆ ಬರಲಿಲ್ಲ. ಬೆಳಿಗ್ಗೆ ಪಾತ್ರೆ ಇಳಿಸುವಾಗ ಎಡಕ್ಕೆ ಸಿಂಬಿ ಇತ್ತು, ಬಲಕ್ಕೆ ರಿಂಗು ಇತ್ತು. ಎರಡನ್ನೂ ಕಣ್ಣು ಕಟ್ಟಿ ಕೊಟ್ಟರೂ ಗುರುತಿಸುವ ಕೈ ಇದು. ಗೊತ್ತಿದ್ದೇ ಇಟ್ಟೆ. ನಿನ್ನ ಗಂಡನಿಗೂ ಹೇಳಿಲ್ಲ. ತಪ್ಪಾಯಿತು, ಗಂಗಾ. ನಿನ್ನೆ ಸಂಜೆ ಎಡಗೈಯಲ್ಲಿ ಹನ್ನೊಂದು ಸಲ ಹಿಡಿದೆ, ಒಂದೂ ಮೈಗೆ ತಾಗಿಲ್ಲ. ಹನ್ನೆರಡನೆಯದನ್ನು ನೀನು ಬಂದು ಎಸೆ.